ಸೇವಂತಿಗೆಯೂ ರಾತ್ರಿಯ ದೀಪವೂ
(ಸಂಘದ ಕೂಟದಲ್ಲಿ ಮಾಡಿದ ಭಾಷಣ)



ಹೂವಿನ ವಿಷಯ ಮಾತನಾಡುತ್ತೇವೆಂದಾಗ ಕೆಲವರು ನಕ್ಕರು. ಪಗಾರ, ಖೋಲಿಯ ಬಾಡಿಗೆ ಬಿಟ್ಟು ಸೇವಂತಿಗೆ ಏಕೆ ಎಂದರು. ನಗಲಿ, ಕೊನೆಯತನಕ ಕೇಳಲಿ.

ಮುಂಬಯಿಯ ಚಳಿ ಚಳಿಯೇ ಅಲ್ಲವೆಂದು ಘಟ್ಟದ ಮೇಲಿನವರ ಹಾಸ್ಯ. ಆದರೂ ಕಣ್ಣಿಟ್ಟು ನೋಡಿದರೆ ಋತು ಕಾಣದಿರದು. ರಸ್ತೆ ಬದಿಯ ಕಾಡುಬಾದಾಮಿಯ ಎಲೆ ಕೆಂಪಾಗಿ ಉದುರುತ್ತದೆ. ಬೂರುಗವು ಎಲೆ ಕಳಚಿ ಬೋಳು ಕೊಂಬೆಯಲ್ಲಿ ಕೆಂಪು ಹೂ ಬಿಡುತ್ತದೆ. ಅದರ ರಸಕ್ಕೆ ಮೈನಾ, ಕಾಗೆಗಳ ಗದ್ದಲ. ಬೈಕಲಾದ ರಾಣೀಬಾಗ್ 1862ರಲ್ಲಿ ತೆರೆದ ತೋಟ. ಲಾಲ್‌ಬಾಗ್, ಪರೇಲಿನ ಗಿರಣಿಯವರು ನಡೆದೇ ಹೋಗುತ್ತಿದ್ದ ದೂರ. ಗಿರಣಿಗಳು ಹೋದವು, ತೋಟ ಉಳಿದಿದೆ. ನಮ್ಮ ಸವಣೂರಿನ ದೊಡ್ಡಹುಣಸೆಯ ಜಾತಿಯ ಮರಗಳು ಅಲ್ಲಿಯೂ ಇವೆ. ಬುಧವಾರ ಮಾತ್ರ ಹೋಗಬೇಡಿ, ಬಾಗಿಲು ಮುಚ್ಚಿರುತ್ತದೆ.

ನಾವು ಹೇಳಹೊರಟದ್ದು ಎರಡು ಡಬ್ಬಿಗಳ ಕತೆ. ನಮ್ಮಲ್ಲಿ ಕೆಲವರು ದುಡಿಯುತ್ತಿದ್ದ ಹೋಟೆಲಿನ ಹಿತ್ತಲಲ್ಲಿ ಎರಡು ಎಣ್ಣೆಡಬ್ಬಿಗಳ ತಳಕ್ಕೆ ತೂತು ಹೊಡೆದು ಸೇವಂತಿಗೆ ನೆಟ್ಟೆವು. ಗೊಬ್ಬರಕ್ಕೆ ಚಹದ ಚರಟ. ಹಾಲು ಸಕ್ಕರೆ ಹೋಗುವಂತೆ ತೊಳೆದೇ ಹಾಕಬೇಕು, ಇಲ್ಲವಾದರೆ ಇರುವೆ. ಒಂದು ಡಬ್ಬಿ ಗೋಡೆಯ ಮರೆಯ ಕತ್ತಲಿನಲ್ಲಿ, ಇನ್ನೊಂದು ಹಿಂಬಾಗಿಲ ದೀಪದ ಕೆಳಗೆ. ಹಗಲಿನ ಬಿಸಿಲು ಎರಡಕ್ಕೂ ಒಂದೇ.

ದೀಪಾವಳಿ ಕಳೆಯಿತು. ಕತ್ತಲಿನ ಗಿಡ ಮೊಗ್ಗಿಟ್ಟು ಡಿಸೆಂಬರಿನಲ್ಲಿ ಹಳದಿಯಾಗಿ ಅರಳಿತು. ದೀಪದ ಗಿಡ ಎಲೆಯ ಮೇಲೆ ಎಲೆ ಬಿಟ್ಟಿತೇ ಹೊರತು ಒಂದು ಮೊಗ್ಗಿಲ್ಲ. ಗೊಬ್ಬರ ಹೆಚ್ಚಾಯಿತೆಂದು ಒಬ್ಬರು, ದೃಷ್ಟಿ ತಾಗಿತೆಂದು ಮತ್ತೊಬ್ಬರು.

ಕಾರಣ ದೀಪವೇ. ಸೇವಂತಿಗೆ ರಾತ್ರಿಯ ಉದ್ದವನ್ನು ಲೆಕ್ಕವಿಡುವ ಗಿಡ. ಮುಂಬಯಿಯಲ್ಲಿ ಜೂನ್ ತಿಂಗಳ ಹಗಲು 13 ಗಂಟೆ ಮೀರುತ್ತದೆ, ಡಿಸೆಂಬರಿನಲ್ಲಿ ಸುಮಾರು 11. ರಾತ್ರಿ ಬೆಳೆದು, ಕತ್ತಲೆ ನಡುವೆ ತುಂಡಾಗದೆ ಇದ್ದರೆ ಮೊಗ್ಗು. ಹಗಲಿರುಳಿನ ಅಳತೆಗೂ ಹೂವಿಗೂ ಇರುವ ಈ ಸಂಬಂಧವನ್ನು ಅಮೆರಿಕದ ಗಾರ್ನರ್, ಅಲಾರ್ಡ್ ಎಂಬ ವಿಜ್ಞಾನಿಗಳು 1920ರಲ್ಲಿ ಪ್ರಕಟಿಸಿದರು. ಅವರು ನೋಡಿದ್ದು ಹೊಗೆಸೊಪ್ಪು, ಸೋಯಾ ಗಿಡಗಳಲ್ಲಿ. ಈಗ ಹೂ ಬೆಳೆಯುವವರು ಬೇಕೆಂದೇ ರಾತ್ರಿ ದೀಪ ಹಚ್ಚಿ ಸೇವಂತಿಗೆಯನ್ನು ತಡೆಯುತ್ತಾರೆ, ಕಪ್ಪು ಹೊದಿಕೆ ಹಾಕಿ ಬೇಗ ಅರಳಿಸುತ್ತಾರೆ.

ಮರುವರ್ಷ ಡಬ್ಬಿಯನ್ನು ಕತ್ತಲಿಗೆ ಸರಿಸಿದೆವು. ಸರಿಸುವಾಗ ಕಂಡದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಅದೇ ದೀಪದ ಕೆಳಗೆ ನಮ್ಮ ಮೋರಿಯ ಹುಡುಗರ ಚಾಪೆಯೂ ಇತ್ತು. ನಾಲ್ಕಕ್ಕೆ ಏಳಬೇಕಾದವರು ಮುಖದ ಮೇಲೆ ಟವಲು ಹಾಕಿಕೊಂಡು ಮಲಗುತ್ತಿದ್ದರು. ವರ್ಷವಿಡೀ ನೋಡಿದ್ದೆವು, ಕೇಳಿರಲಿಲ್ಲ. ಧಣಿಗಳ ಬಳಿ ಹೋಗಿ ಮಾತನಾಡಿದೆವು. ಕಳ್ಳರ ಭಯವೆಂದು ಮೊದಲು ಒಪ್ಪಲಿಲ್ಲ. ಮೂರನೆಯ ಸಲಕ್ಕೆ ಒಪ್ಪಿದರು. ಹನ್ನೊಂದಕ್ಕೆ ದೀಪ ಆರುತ್ತದೆ.

ಹೂ ಮುಗಿದ ಮೇಲೆ ಗಿಡವನ್ನು ಕತ್ತರಿಸಿದರೆ ಬುಡದಲ್ಲಿ ಮರಿಗಳು ಏಳುತ್ತವೆ. ಬೇಕಾದವರು ತೂತು ಹೊಡೆದ ಡಬ್ಬಿ ತನ್ನಿ, ಕೊಡುತ್ತೇವೆ.