ಬೀದಿ ಯಾರದು?

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಕಾರು ನಿಲ್ಲಿಸೋ ಜಾಗದ ಬಗ್ಗೆ ಮಾತಾಡ್ತೀನಿ ಅಂದ ಕೂಡಲೆ ಹಿಂದಿನ ಸಾಲಲ್ಲಿ ಯಾರೋ ನಕ್ಕರು. ನಗಲಿ. ನಮ್ಮ ಅಪ್ಪಂದಿರಿಗೆ ಸೈಕಲ್ಲೇ ಇರಲಿಲ್ಲ, ಇನ್ನು ಕಾರಿನ ಮಾತೆಲ್ಲಿ ಬಂತು? ಆದರೆ ಇದು ಕಾರಿನ ಮಾತಲ್ಲ. ಒಂದು ಬೀದಿಯಿಂದ ದೂಡಿಸಿಕೊಂಡ ಜನಕ್ಕೆ ಆ ಬೀದಿಗೆ ಮತ್ತೆ ಬರುವ ಹಕ್ಕಿದೆಯೋ ಇಲ್ಲವೋ ಅನ್ನೋ ಮಾತು.

ಬೀದಿ ಇರುವುದು ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲಿ. ಅಲ್ಲಿನ ಕರಿಯರ ಕತೆ ನಮಗ್ಯಾಕೆ ಅಂತ ಕೇಳಬೇಡಿ. 1946ರಲ್ಲಿ ಬಾಬಾಸಾಹೇಬರು ಕರಿಯರ ನಾಯಕ ಡುಬೋಯ್ಸ್ ಅವರಿಗೆ ಪತ್ರ ಬರೆದು, ವಿಶ್ವಸಂಸ್ಥೆಗೆ ಕರಿಯರು ಸಲ್ಲಿಸಿದ ಅರ್ಜಿಯ ಪ್ರತಿ ಕಳಿಸಿ ಅಂತ ಕೇಳಿದ್ದರು. 1972ರಲ್ಲಿ ಮುಂಬೈಯ ನಮ್ಮ ಹುಡುಗರು ಸಂಘಟನೆ ಕಟ್ಟಿದಾಗ 'ಪ್ಯಾಂಥರ್' ಅನ್ನೋ ಹೆಸರನ್ನು ಅವರಿಂದಲೇ ತಂದರು. ನಂಟು ಹಳೆಯದು.

ವಾಷಿಂಗ್ಟನ್ನಿನ ಶಾ ಎಂಬ ಭಾಗ, ಅಲ್ಲಿನ ಯು ಸ್ಟ್ರೀಟ್. ಇದು ಕರಿಯರು ತಾವೇ ಕಟ್ಟಿಕೊಂಡ ಬದುಕು. ಹತ್ತಿರದಲ್ಲೇ 1867ರಲ್ಲಿ ಶುರುವಾದ ಹೊವರ್ಡ್ ವಿಶ್ವವಿದ್ಯಾಲಯ. 1910ರಲ್ಲಿ ಬಾಗಿಲು ತೆರೆದ ಹೊವರ್ಡ್ ಥಿಯೇಟರ್. ಜಗತ್ತೇ ಬಲ್ಲ ಸಂಗೀತಗಾರ ಡ್ಯೂಕ್ ಎಲಿಂಗ್ಟನ್ ಬೆಳೆದದ್ದು ಈ ಓಣಿಗಳಲ್ಲೇ. ಬಿಳಿಯರ ಪೇಟೆಯ ಹೋಟೆಲಿನಲ್ಲಿ ಕೂತು ಉಣ್ಣಲು ಬಿಡುತ್ತಿರಲಿಲ್ಲ, ಅದಕ್ಕೇ ತಮ್ಮ ಹೋಟೆಲು, ತಮ್ಮ ಬ್ಯಾಂಕು, ತಮ್ಮ ಚರ್ಚು ಕಟ್ಟಿಕೊಂಡರು. ತಾರತಮ್ಯ ಮಾಡಬಾರದೆಂಬ ಕಾನೂನು 1872-73ರಲ್ಲೇ ಆಗಿತ್ತು. ಜಾರಿ ಮಾಡುವವರಿರಲಿಲ್ಲ. ಮೇರಿ ಚರ್ಚ್ ಟೆರೆಲ್ ಎಂಬ ಮುದುಕಿ, ತೊಂಬತ್ತರ ಹತ್ತಿರದ ವಯಸ್ಸಿನಲ್ಲಿ, ಹೋಟೆಲಿಗೆ ನುಗ್ಗಿ ಊಟ ಕೇಳಿ ಜಗಳ ಹೂಡಿದಳು. 1953ರಲ್ಲಿ ಸುಪ್ರೀಂ ಕೋರ್ಟು ಆ ಕಾನೂನು ಇನ್ನೂ ಸತ್ತಿಲ್ಲ ಅಂತ ತೀರ್ಪು ಕೊಟ್ಟಿತು. ಕಡತದಲ್ಲಿ ಮಲಗಿದ ಕಾನೂನನ್ನು ಎಬ್ಬಿಸೋದು ಹೇಗೆ ಅಂತ ಆ ಅಜ್ಜಿಯಿಂದ ಕಲಿಯಿರಿ.

1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗರನ್ನು ಕೊಂದಾಗ ಈ ಬೀದಿಗೆ ಬೆಂಕಿ ಬಿತ್ತು. ಸುಟ್ಟ ಅಂಗಡಿಗಳು ಎಷ್ಟೋ ವರ್ಷ ಹಾಗೇ ನಿಂತವು. ಮೇಲೆ 1980ರ ದಶಕದಲ್ಲಿ ಮೆಟ್ರೋ ರೈಲಿಗಾಗಿ ಬೀದಿಯನ್ನೇ ಅಗೆದು ಹಾಕಿದರು. ಗಿರಾಕಿ ಬರಲು ದಾರಿಯಿಲ್ಲ, ಗಾಡಿ ನಿಲ್ಲಿಸಲು ಜಾಗವಿಲ್ಲ. ಒಂದೊಂದೇ ಅಂಗಡಿ ಬಾಗಿಲು ಹಾಕಿತು. 1958ರಿಂದ ನಡೆಯುತ್ತಿದ್ದ ಬೆನ್ಸ್ ಚಿಲಿ ಬೌಲ್ ಎಂಬ ಹೋಟೆಲು ಹಲ್ಲುಕಚ್ಚಿ ಉಳಿಯಿತು. 1991ರಲ್ಲಿ ರೈಲು ಬಂತು. ರೈಲಿನ ಹಿಂದೆಯೇ ಹಣ ಬಂತು. ಹಣದ ಹಿಂದೆ ಬಾಡಿಗೆ ಏರಿತು. ಕಷ್ಟದ ಕಾಲದಲ್ಲಿ ಬೀದಿಯನ್ನು ಕಾಯ್ದವರು, ಒಳ್ಳೆ ಕಾಲ ಬಂದಾಗ ಅಲ್ಲಿರಲಿಲ್ಲ. 1970ರಲ್ಲಿ ಆ ನಗರದಲ್ಲಿ ನೂರಕ್ಕೆ 71 ಮಂದಿ ಕರಿಯರು. 2011ರ ಹೊತ್ತಿಗೆ ಅರ್ಧಕ್ಕಿಂತ ಕೆಳಗೆ ಇಳಿದರು.

ಹೋದವರು ಎಲ್ಲಿಗೆ ಹೋದರು? ಬಹಳ ಜನ ಗಡಿ ದಾಟಿ ಮೇರಿಲ್ಯಾಂಡಿಗೆ. ಮನೆ ಹೋಯಿತು, ಚರ್ಚು ಉಳಿಯಿತು. ತಾತ ಮುತ್ತಾತರ ಮದುವೆಯಾದ ಚರ್ಚು, ಅಪ್ಪನ ಹೆಣಕ್ಕೆ ಪ್ರಾರ್ಥನೆ ಮಾಡಿದ ಚರ್ಚು. ಭಾನುವಾರ ಬಂತೆಂದರೆ ಮುದುಕಿಯರನ್ನು ಕೂರಿಸಿಕೊಂಡು ಕಾರಿನಲ್ಲಿ ಬರುತ್ತಾರೆ. ನಿಂತ ಕಾರಿನ ಪಕ್ಕದಲ್ಲಿ ಇನ್ನೊಂದು ಸಾಲು ನಿಲ್ಲಿಸಿ ಒಳಗೆ ಹೋಗುತ್ತಾರೆ. ವರ್ಷಗಟ್ಟಲೆ ಯಾರೂ ಬೇಡ ಅಂದಿರಲಿಲ್ಲ. ಹೊಸ ನೆರೆಯವರು ಬಂದ ಮೇಲೆ ದೂರು ಶುರುವಾಯಿತು. 2006ರಲ್ಲಿ ನಗರಾಡಳಿತ ದಂಡ ಹಾಕುತ್ತೇವೆ ಅಂದಿತು, ಚರ್ಚಿನವರು ಎದ್ದು ನಿಂತರು. ಅಲ್ಲಿನ ಕಾನೂನು ನೋಡಿ: ವಾರದ ದಿನಗಳಲ್ಲಿ ಆ ಭಾಗದ ನಿವಾಸಿಗೆ ಚೀಟಿ, ಹೊರಗಿನವನಿಗೆ 2 ತಾಸು. ಯಾರು ಹೊರಗಿನವರು? ಬೀದಿ ಕಟ್ಟಿದವರ ಮೊಮ್ಮಗನೇ!

2015ರಲ್ಲಿ ನಗರಾಡಳಿತ ಸೈಕಲ್ ಹಾದಿ ಮಾಡಲು ಹೊರಟಿತು. 6ನೇ ಬೀದಿಯಲ್ಲಿ ಮಾಡಿದರೆ ಯುನೈಟೆಡ್ ಹೌಸ್ ಆಫ್ ಪ್ರೇಯರ್ ಚರ್ಚಿನ ಮುಂದೆ ಗಾಡಿ ನಿಲ್ಲಿಸುವ ಜಾಗ ಹೋಗುತ್ತಿತ್ತು. ಚರ್ಚು ವಕೀಲರ ಮೂಲಕ ಪತ್ರ ಬರೆಸಿತು: ಇದು ನಮ್ಮ ಪೂಜಾ ಸ್ವಾತಂತ್ರ್ಯಕ್ಕೆ ಅಡ್ಡಿ ಅಂತ. ಪತ್ರಿಕೆಗಳಲ್ಲಿ ಬೇಕಾದಷ್ಟು ಗೇಲಿ ಆಯಿತು. ಕೊನೆಗೆ ಆ ಹಾದಿ 9ನೇ ಬೀದಿಗೆ ಬಂತು.

ಇಲ್ಲಿ ನಾವು ಅವಸರ ಮಾಡಬಾರದು. ಸೈಕಲ್ ನಮ್ಮ ಶತ್ರುವಲ್ಲ. ಕೂಲಿಗೆ ಹೋಗುವ ಕರಿಯ ಹುಡುಗನೂ ಸೈಕಲ್ ತುಳಿಯುತ್ತಾನೆ, ಅವನ ಜೀವಕ್ಕೂ ಬೆಲೆಯಿದೆ. ಆ ಚರ್ಚೂ ಬಡ ಚರ್ಚಲ್ಲ, ಆಸ್ತಿಯಿದೆ. ಚರ್ಚು ಹೇಳಿದ್ದೆಲ್ಲ ವೇದವಾಕ್ಯ ಅಂತ ನಾನು ಹೇಳೋಲ್ಲ. ನಾನು ಕೇಳೋದು ಒಂದೇ ಪ್ರಶ್ನೆ. ನಲವತ್ತು ವರ್ಷ ಈ ಜನ ಚರಂಡಿ ಕೇಳಿದರು, ದೀಪ ಕೇಳಿದರು, ಸುಟ್ಟ ಅಂಗಡಿ ಎತ್ತಿಕೊಡಿ ಅಂದರು. ಆಗ ನಕ್ಷೆ ಹಿಡಿದು ಬಾರದ ಇಂಜಿನಿಯರು, ಬಿಳಿಯರು ಬಂದು ಕೂತ ಮೇಲೆ ಯಾಕೆ ಬಂದ? ಈ ಅನುಮಾನ ಅವರ ಹೊಟ್ಟೆಯಲ್ಲಿದೆ. ಆ ಅನುಮಾನಕ್ಕೆ ಉತ್ತರ ಕೊಡದೆ ಹಾಕಿದ ಬಣ್ಣದ ಗೆರೆ, ಎಷ್ಟೇ ಒಳ್ಳೆಯದಿರಲಿ, ಅವರ ಕಣ್ಣಿಗೆ ಬೇಲಿಯಾಗೇ ಕಾಣುತ್ತೆ.

ಹಾಗಾದರೆ ಗಾಡಿ ಜಾಗ ವಾಪಸ್ ಕೊಟ್ಟುಬಿಟ್ಟರೆ ಸಾಕೇ? ಸಾಲದು. ಭಾನುವಾರ ಎರಡು ತಾಸಿಗೆ ಜಾಗ ಕೊಟ್ಟು, ಉಳಿದ ಆರು ದಿನ ಮನೆ ಕೊಡದಿದ್ದರೆ ಅದು ನೆಂಟನಿಗೆ ಕೊಡುವ ಮರ್ಯಾದೆಯೇ ಹೊರತು ಮನೆಮಗನ ಹಕ್ಕಲ್ಲ. ಆದರೂ ಆ ಜಾಗಕ್ಕಾಗಿ ಅವರು ಹಟ ಹಿಡಿದದ್ದು ಸರಿ. ಅದೂ ಹೋದರೆ ಮುದುಕಿಯರು ಬರೋದು ನಿಲ್ಲಿಸುತ್ತಾರೆ. ಬರುವವರಿಲ್ಲದ ಚರ್ಚು ಒಂದು ದಿನ ಮಾರಾಟವಾಗುತ್ತೆ. ಆಮೇಲೆ ಗೋಡೆಗೆ ಹಲಗೆ ಹೊಡೆದು 'ಇದು ಚಾರಿತ್ರಿಕ ಸ್ಥಳ' ಅಂತ ಬರೆಯುತ್ತಾರೆ. ಜನ ಇಲ್ಲದ ಚರಿತ್ರೆ ಯಾರಿಗೆ ಬೇಕು?

ತಮ್ಮಂದಿರೇ, ತಂಗಿಯರೇ, ನೀವು ನಾಳೆ ಇಂಜಿನಿಯರಾಗ್ತೀರಿ, ಆಫೀಸರಾಗ್ತೀರಿ. ಯಾವುದೋ ಕೇರಿಯ ನಕ್ಷೆ ನಿಮ್ಮ ಮೇಜಿಗೆ ಬರುತ್ತೆ. ಗೆರೆ ಎಳೆಯೋ ಮುಂಚೆ ಪೆನ್ನು ಕೆಳಗಿಟ್ಟು ಎರಡು ಮಾತು ಕೇಳಿ: ಇಲ್ಲಿ ಈಗ ಯಾರಿದ್ದಾರೆ? ಇಲ್ಲಿಂದ ಯಾರು ಹೋದರು? ಎರಡನೆಯದನ್ನು ಯಾವ ಅರ್ಜಿಯಲ್ಲೂ ಬರೆದಿರೋಲ್ಲ. ಅದನ್ನು ಕೇಳೋಕೇ ನಿಮ್ಮನ್ನು ಓದಿಸುತ್ತಿರೋದು.

ಜೈ ಭೀಮ್.