ಜಾಕಿ ಮೆಕ್‌ಲೀನ್: ವಾದಕ ಮತ್ತು ಗುರು



ಕಲೆಯನ್ನರಸಿ ಹೋದ ಶಿಷ್ಯನಿಗೆ ಗುರುವಿನ ವಿದ್ಯೆಯೊಂದೇ ಬರುವುದಿಲ್ಲ. ಆತನ ನಡೆನುಡಿಗಳೂ, ಕೆಲವು ವೇಳೆ ದೌರ್ಬಲ್ಯಗಳೂ ಜೊತೆಯಲ್ಲಿ ಬರುವುವು. ಆಫ್ರಿಕ ಮೂಲದ ಅಮೆರಿಕನರು ಬೆಳೆಸಿದ ಜ್ಯಾಝ್ ಸಂಗೀತದಲ್ಲಿ ಇದಕ್ಕೆ ಜಾಕಿ ಮೆಕ್‌ಲೀನನ ಬಾಳೇ ನಿದರ್ಶನ.

ಈತನು 1931ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ, ಅಲ್ಲಿನ ಹಾರ್ಲೆಮ್ ಭಾಗದಲ್ಲಿ ಬೆಳೆದನು. ಆರಿಸಿಕೊಂಡ ವಾದ್ಯ ಆಲ್ಟೊ ಸ್ಯಾಕ್ಸೊಫೋನು. ಮೈ ಹಿತ್ತಾಳೆಯದಾದರೂ, ಕ್ಲಾರಿಯೊನೆಟ್ಟಿನಂತೆ ಇದು ಒಂದೇ ಜೊಂಡಿನ ಸೀಳಿನಿಂದ ದನಿಗೊಡುತ್ತದೆ. ನೆರೆಹೊರೆಯೇ ಹುಡುಗನಿಗೆ ಪಾಠಶಾಲೆಯಾಯಿತು. ಪ್ರಸಿದ್ಧ ಪಿಯಾನೊ ವಾದಕನಾದ ಬಡ್ ಪವೆಲ್ ಈತನನ್ನು ತಿದ್ದಿದನು. 1951ರಲ್ಲಿ, ಇಪ್ಪತ್ತರ ಹರೆಯದಲ್ಲಿಯೇ, ಮೈಲ್ಸ್ ಡೇವಿಸನೊಡನೆ ಗ್ರಾಮಫೋನ್ ತಟ್ಟೆಗೆ ನುಡಿಸಿದನು. ಶ್ರುತಿ ಕೂದಲೆಳೆಯಷ್ಟು ಮೇಲಿರುವ ಆತನ ತೀಕ್ಷ್ಣವಾದ ನಾದವನ್ನು ಒಮ್ಮೆ ಕೇಳಿದವರು ಮರೆಯಲಾರರು.

ಆ ಕಾಲದ ತರುಣ ವಾದಕರಿಗೆಲ್ಲ ಚಾರ್ಲಿ ಪಾರ್ಕರನೇ ಆದರ್ಶ. ಆತನ ವಾದನವನ್ನು ಅನುಸರಿಸ ಹೊರಟವರಲ್ಲಿ ಅನೇಕರು ಆತನ ಹೆರಾಯಿನ್ ಚಟಕ್ಕೂ ಬಲಿಬಿದ್ದರು. ಮೆಕ್‌ಲೀನನೂ ಅವರಲ್ಲೊಬ್ಬ. ನ್ಯೂಯಾರ್ಕಿನಲ್ಲಿ ಮದ್ಯ ಮಾರುವ ಮನರಂಜನಾಗೃಹಗಳಲ್ಲಿ ನುಡಿಸಬೇಕಾದರೆ ಆಗ ಪೋಲೀಸರ ಪರವಾನಿಗೆ ಬೇಕಾಗಿತ್ತು; ಈ ಚಟದಿಂದಾಗಿ ಆತನು ಅದನ್ನು ಕಳೆದುಕೊಂಡನು. ಜ್ಯಾಝಿಗೆ ಆ ಗೃಹಗಳೇ ಸಭಾಮಂಟಪ. ಅಲ್ಲಿ ಬಾಗಿಲು ಮುಚ್ಚಿದ ಮೇಲೆ ಧ್ವನಿಮುದ್ರಣವೇ ಗತಿಯಾಯಿತು. 1959ರಿಂದ 1967ರವರೆಗೆ ಬ್ಲೂ ನೋಟ್ ಸಂಸ್ಥೆಗಾಗಿ ಆತನು ನುಡಿಸಿದ ತಟ್ಟೆಗಳು ಇಂದಿಗೂ ಗೌರವ ಪಡೆದಿವೆ.

ಆತನ ಬಾಳಿನ ಉತ್ತರಾರ್ಧವನ್ನು ನಾವು ವಿಶೇಷವಾಗಿ ಗಮನಿಸಬೇಕು. 1968ರಲ್ಲಿ ಆತನು ಕನೆಕ್ಟಿಕಟ್ ಸಂಸ್ಥಾನದ ಹಾರ್ಟ್‌ಫರ್ಡ್ ವಿಶ್ವವಿದ್ಯಾನಿಲಯದ ಹಾರ್ಟ್ ಸಂಗೀತಶಾಲೆಯಲ್ಲಿ ಅಧ್ಯಾಪಕನಾಗಿ ಸೇರಿದನು. ಯೂರೋಪಿನ ಸಂಗೀತಕ್ಕೆ ಮಾತ್ರ ಪೀಠವಿದ್ದಂಥ ವಿದ್ಯಾಶಾಲೆಗಳಲ್ಲಿ ಜ್ಯಾಝಿಗೆ ಸ್ಥಾನ ಗಳಿಸುವುದು ಸುಲಭವಾಗಿರಲಿಲ್ಲ. ಆದರೂ ಆತನು ಆಫ್ರಿಕನ್ ಅಮೆರಿಕನ್ ಸಂಗೀತಕ್ಕೆ ಪ್ರತ್ಯೇಕ ವಿಭಾಗವನ್ನೂ, ಜ್ಯಾಝಿನಲ್ಲಿ ಪದವಿಯ ಪಾಠಕ್ರಮವನ್ನೂ ಏರ್ಪಡಿಸಿದನು. ಮುಂದೆ ಆ ವಿಭಾಗಕ್ಕೆ ಆತನ ಹೆಸರನ್ನೇ ಇಟ್ಟರು.

ಪದವಿಯ ವಿದ್ಯೆ ಎಲ್ಲರಿಗೂ ಎಟುಕದು. ಆದಕಾರಣ 1970ರಲ್ಲಿ ಆತನೂ ಪತ್ನಿ ಡಾಲಿಯೂ ಸಂಗಡಿಗರೊಡನೆ ಹಾರ್ಟ್‌ಫರ್ಡಿನಲ್ಲಿ ಆರ್ಟಿಸ್ಟ್ಸ್ ಕಲೆಕ್ಟಿವ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಊರಿನ ಮಕ್ಕಳಿಗೆ ಸಂಗೀತ, ನೃತ್ಯ, ನಾಟಕ, ಚಿತ್ರಕಲೆಗಳನ್ನು ಕಲಿಸತೊಡಗಿದರು. ಬೀದಿಯ ಅಪಾಯಗಳನ್ನು ಸ್ವತಃ ಉಂಡವನಿಗೆ ಮಕ್ಕಳ ಕೈಗೊಂದು ವಾದ್ಯ ಕೊಡುವುದರ ಬೆಲೆ ತಿಳಿದಿತ್ತು.

ಅಮೆರಿಕದ ಸರ್ಕಾರದ ಕಲಾನಿಧಿಯು 2001ರಲ್ಲಿ ಆತನಿಗೆ 'ಜ್ಯಾಝ್ ಮಾಸ್ಟರ್' ಎಂಬ ಗೌರವವನ್ನಿತ್ತಿತು. 2006ರಲ್ಲಿ ಆತನು ಹಾರ್ಟ್‌ಫರ್ಡಿನಲ್ಲಿಯೇ ಕಾಲವಾದನು. ಹಿರಿಯರಿಂದ ಪಡೆದ ವಿದ್ಯೆಯನ್ನು ಆತನು ಕಿರಿಯರಿಗೆ ಒಪ್ಪಿಸಿದನು; ಅದರೊಡನೆ ಬಂದಿದ್ದ ವಿಷವನ್ನು ತನ್ನಲ್ಲಿಯೇ ತಡೆದನು. ಗುರುವಾದವನ ಹೊಣೆ ಇದಕ್ಕಿಂತ ಹೆಚ್ಚಿನದೇನಿದೆ?