ಬೀಗದ ಕೈ ಯಾರ ಕೈಯಲ್ಲಿ?

(ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ಪರಿಸರದ ಸ್ವ-ಸಹಾಯ ಗುಂಪುಗಳ ಸದಸ್ಯೆಯರ ಮುಂದೆ ಆಡಿದ ಮಾತುಗಳ ಬರಹ ರೂಪ)



ವರದಕ್ಷಿಣೆ, ಮನೆಯೊಳಗಿನ ಹಿಂಸೆ ಇವುಗಳ ಬಗ್ಗೆ ಮಾತನಾಡಲು ಸೇರಿದ ನಾವು ಲ್ಯಾಪ್‌ಟಾಪಿನ ಪಾಸ್‌ವರ್ಡಿನ ಬಗ್ಗೆ ಯಾಕೆ ಮಾತನಾಡಬೇಕು ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ಕಾರಣ ಇದೆ. ನಮ್ಮ ತಾಯಂದಿರ ಕಾಲದಲ್ಲಿ ಸೊಸೆಯ ಒಡವೆ ಅತ್ತೆಯ ಕಪಾಟಿನಲ್ಲಿ ಇರುತ್ತಿತ್ತು, ಅದರ ಬೀಗದ ಕೈ ಅತ್ತೆಯ ಸೊಂಟದಲ್ಲಿ. ಒಡವೆ ತನ್ನದೇ ಆದರೂ ಅದನ್ನು ನೋಡಬೇಕಾದರೆ ಸೊಸೆ ಕೇಳಿಕೊಳ್ಳಬೇಕಿತ್ತು. ಇವತ್ತು ಹೆಣ್ಣಿನ ಸೊತ್ತಿನಲ್ಲಿ ಒಂದು ದೊಡ್ಡ ಪಾಲು ಯಂತ್ರದೊಳಗೆ ಹೋಗಿ ಕುಳಿತಿದೆ. ಅಂಕಪಟ್ಟಿ, ಕೆಲಸದ ಅರ್ಜಿ, ಬ್ಯಾಂಕಿನ ಲೆಕ್ಕ, ಮದುವೆಯ ಫೋಟೋ, ಮದುವೆಗೆ ಕೊಂಡ ಬಂಗಾರದ ರಶೀದಿ, ಬೈದು ಬೆದರಿಸಿ ಕಳಿಸಿದ ಸಂದೇಶಗಳು, ಎಲ್ಲವೂ ಅಲ್ಲೇ ಇವೆ. ಹಾಗಾದರೆ ಅದರ ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳುವುದು ನಮ್ಮ ಹಳೆಯ ಪ್ರಶ್ನೆಯೇ.

ಈ ಸಭೆಯಲ್ಲಿ ಬೀಡಿ ಕಟ್ಟಿ ಮಗಳನ್ನು ಓದಿಸಿದ ತಾಯಂದಿರಿದ್ದೀರಿ. ಸಂಜೀವಿನಿ ಒಕ್ಕೂಟದಲ್ಲಿ ಪುಸ್ತಕ ಬರೆಯುವವರಿದ್ದೀರಿ. ಸರ್ಕಾರಿ ಪದವಿ ಕಾಲೇಜಿನಲ್ಲಿ ಓದುವಾಗ ಸರ್ಕಾರದಿಂದ ಲ್ಯಾಪ್‌ಟಾಪ್ ಪಡೆದ ಹೆಣ್ಣುಮಕ್ಕಳೂ ಇದ್ದಾರೆ. ಯಂತ್ರ ಮನೆಗೆ ಬಂದಿದೆ. ಆದರೆ ಅದನ್ನು ಮೊದಲು ಬಿಚ್ಚಿ, ಹೆಸರು ಹಾಕಿ, ಪಾಸ್‌ವರ್ಡ್ ಕೊಟ್ಟವರು ಯಾರು? ಹೆಚ್ಚಿನ ಮನೆಗಳಲ್ಲಿ ಗಂಡ, ಅಣ್ಣ ಅಥವಾ ಮೈದುನ. 'ನಿನಗೆ ಗೊತ್ತಾಗುವುದಿಲ್ಲ, ನಾನು ಮಾಡಿಕೊಡುತ್ತೇನೆ' ಎಂಬ ಪ್ರೀತಿಯ ಮಾತಿನಿಂದಲೇ ಅದು ಶುರುವಾಗುತ್ತದೆ.

ಬೆಳ್ತಂಗಡಿ ಕಡೆಯ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ವಿಷಯ ಹೇಳುತ್ತೇನೆ. ಮದುವೆಗೆ ಮೊದಲು ಅಪ್ಪ ಕಂತಿನಲ್ಲಿ ಕೊಡಿಸಿದ ಲ್ಯಾಪ್‌ಟಾಪ್ ಅದು. ಮದುವೆಯಾದ ಮೇಲೆ ಗಂಡ ಅದನ್ನು 'ಸರಿ ಮಾಡಿ' ತನ್ನ ಇಮೇಲ್, ತನ್ನ ಫೋನ್ ನಂಬರು ಹಾಕಿ ಕೊಟ್ಟ. ಅವಳು ದಿನವೂ ನಾಲ್ಕು ಅಂಕಿಯ ಪಿನ್ ಒತ್ತಿ ಕೆಲಸ ಮಾಡುತ್ತಿದ್ದಳು. ಹಿಂಸೆ ತಾಳಲಾರದೆ ಮಗುವಿನ ಜೊತೆ ತವರಿಗೆ ಬಂದು, ಕೆಲವು ತಿಂಗಳ ನಂತರ ಕೆಲಸಕ್ಕೆ ಅರ್ಜಿ ಹಾಕಲು ಅದನ್ನು ತೆರೆದರೆ ಪಿನ್ ನೆನಪಿಲ್ಲ, ಪಾಸ್‌ವರ್ಡ್ ಅಂತೂ ಅವಳಿಗೆ ಎಂದೂ ಗೊತ್ತಿರಲಿಲ್ಲ. ರಿಪೇರಿ ಅಂಗಡಿಯವರು, 'ಫಾರ್ಮ್ಯಾಟ್ ಮಾಡಿದರೆ ಅರ್ಧ ಗಂಟೆಯ ಕೆಲಸ' ಎಂದರಂತೆ. ಅವಳು ನನಗೆ ಫೋನ್ ಮಾಡಿ, 'ಮೇಡಂ, ಮಾಡಿಸಲಾ?' ಎಂದು ಕೇಳಿದಳು. 'ಒಳಗೆ ಏನಿದೆ?' ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಎಲ್ಲವೂ ಅದರಲ್ಲೇ ಇದೆ ಮೇಡಂ' ಎಂದಳು.

ಆ ಲ್ಯಾಪ್‌ಟಾಪ್ ಏನಾಯಿತು ಎಂದು ಆಮೇಲೆ ಹೇಳುತ್ತೇನೆ. ಮೊದಲು ಪಾಸ್‌ವರ್ಡ್ ಎಂದರೆ ಏನು ಎಂದು ತಿಳಿದುಕೊಳ್ಳೋಣ. 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂ.ಐ.ಟಿ. ವಿಶ್ವವಿದ್ಯಾಲಯದಲ್ಲಿ ಒಂದೇ ಕಂಪ್ಯೂಟರನ್ನು ಹಲವರು ಬಳಸುತ್ತಿದ್ದರು. ಒಬ್ಬರ ಕಾಗದಪತ್ರ ಇನ್ನೊಬ್ಬರಿಗೆ ಸಿಗಬಾರದು ಎಂದು ಪ್ರತಿಯೊಬ್ಬರಿಗೂ ಒಂದೊಂದು ಗುಟ್ಟಿನ ಪದ ಕೊಟ್ಟರು. ಅಂದರೆ ಒಂದೇ ಯಂತ್ರವನ್ನು ಹಂಚಿಕೊಂಡು ಬಳಸುವವರಿಗೂ ತಮ್ಮ ತಮ್ಮ ಮೂಲೆ ಇರಬೇಕು ಎಂಬುದೇ ಪಾಸ್‌ವರ್ಡಿನ ಹುಟ್ಟಿನ ಕಾರಣ. 'ಗಂಡ ಹೆಂಡತಿಯ ನಡುವೆ ಎಂಥ ಗುಟ್ಟು?' ಎಂದು ಕೇಳುವವರಿಗೆ ಈ ಮಾತನ್ನು ಹೇಳಬಹುದು.

ಇನ್ನೊಂದು ವಿಷಯ. 'ಹಳೆಯ ಪಾಸ್‌ವರ್ಡ್ ಏನೆಂದು ಹುಡುಕಿ ಹೇಳಿ' ಎಂದು ಅಂಗಡಿಯವರಲ್ಲಿ ಕೇಳಿ ಪ್ರಯೋಜನವಿಲ್ಲ. ಯಂತ್ರವು ಆ ಪದವನ್ನು ಇದ್ದ ಹಾಗೇ ಇಟ್ಟುಕೊಳ್ಳುವುದಿಲ್ಲ, ಅರೆದು ಇಟ್ಟುಕೊಳ್ಳುತ್ತದೆ. ಕಡೆಯುವ ಕಲ್ಲಿನಲ್ಲಿ ಅರೆದ ಅಕ್ಕಿಯಿಂದ ಮತ್ತೆ ಅಕ್ಕಿಕಾಳು ತೆಗೆಯಲಾದೀತೇ? ನೀವು ಪ್ರತಿ ಸಲ ಪದ ಒತ್ತಿದಾಗ ಅದನ್ನೂ ಅರೆದು, ಎರಡು ಹಿಟ್ಟೂ ಒಂದೇ ಹೌದೋ ಅಲ್ಲವೋ ಎಂದು ಅದು ನೋಡುತ್ತದೆ. ಆದ್ದರಿಂದ ಮರೆತ ಪಾಸ್‌ವರ್ಡನ್ನು ಹುಡುಕುವ ಬದಲು ಹೊಸದನ್ನು ಹಾಕಬೇಕು. ಹೊಸದನ್ನು ಹಾಕುವ ಹಕ್ಕು ತನಗಿದೆ ಎಂದು ಯಂತ್ರಕ್ಕೆ ತೋರಿಸಬೇಕು.

ಇನ್ನು ದಾರಿಗಳು. ಗಾಬರಿಯಾಗುವ ಮೊದಲು ಸಣ್ಣ ಸಂಗತಿಗಳನ್ನು ನೋಡಿ. ಕ್ಯಾಪ್ಸ್ ಲಾಕ್ ಒತ್ತಿಹೋಗಿದೆಯೇ? ನಂಬರಿನ ಗುಂಡಿಗಳು ನಿಂತಿವೆಯೇ? ಕೀಲಿಮಣೆ ಕನ್ನಡಕ್ಕೆ ತಿರುಗಿದೆಯೇ? ಮರೆತದ್ದು ಪಿನ್ನೋ ಪಾಸ್‌ವರ್ಡೋ? ಪಿನ್ ಆ ಒಂದು ಯಂತ್ರಕ್ಕೆ ಮಾತ್ರ ಸಂಬಂಧಪಟ್ಟದ್ದು, ಪಾಸ್‌ವರ್ಡ್ ಖಾತೆಗೆ ಸಂಬಂಧಪಟ್ಟದ್ದು. ಪಿನ್ ಮಾತ್ರ ಮರೆತಿದ್ದರೆ ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಬಹುದು.

ಆಮೇಲೆ ಮುಖ್ಯ ಪ್ರಶ್ನೆ, ಖಾತೆ ಯಾರದು? ನಮ್ಮಲ್ಲಿ ಹೆಚ್ಚು ಇರುವುದು ವಿಂಡೋಸ್ ಲ್ಯಾಪ್‌ಟಾಪ್. ಬೇರೆ ಕಂಪನಿಯದಾದರೆ ದಾರಿಯ ಹೆಸರು ಬೇರೆ, ತತ್ವ ಹೆಚ್ಚುಕಡಿಮೆ ಇದೇ. ತೆರೆಯುವ ಪರದೆಯಲ್ಲಿ ಇಮೇಲ್ ವಿಳಾಸ ಕಂಡರೆ ಅದು ಮೈಕ್ರೋಸಾಫ್ಟ್ ಖಾತೆ. ಆಗ ಬೇರೆ ಫೋನಿನಿಂದ ಅಥವಾ ಕಂಪ್ಯೂಟರಿನಿಂದ ಮೈಕ್ರೋಸಾಫ್ಟಿನವರ ಪುಟಕ್ಕೆ ಹೋಗಿ 'ಫರ್ಗಾಟ್ ಪಾಸ್‌ವರ್ಡ್' ಒತ್ತಿದರೆ, ಖಾತೆಗೆ ಜೋಡಿಸಿದ ಫೋನಿಗೆ ಅಥವಾ ಇಮೇಲಿಗೆ ಒಂದು ಸಂಕೇತ ಸಂಖ್ಯೆ ಬರುತ್ತದೆ. ಅದನ್ನು ಕೊಟ್ಟು ಹೊಸ ಪಾಸ್‌ವರ್ಡ್ ಹಾಕಬಹುದು. ಲ್ಯಾಪ್‌ಟಾಪನ್ನು ಇಂಟರ್ನೆಟ್ಟಿಗೆ ಜೋಡಿಸಿ ಆ ಹೊಸ ಪಾಸ್‌ವರ್ಡಿನಿಂದ ತೆರೆಯಬಹುದು.

ಬರೀ ಹೆಸರು ಮಾತ್ರ ಕಂಡರೆ ಅದು ಆ ಯಂತ್ರದೊಳಗಿನ ಸ್ಥಳೀಯ ಖಾತೆ ಆಗಿರಬಹುದು. 2018ರಿಂದೀಚಿನ ವಿಂಡೋಸಿನಲ್ಲಿ ಇಂಥ ಖಾತೆ ಮಾಡುವಾಗ ಮೂರು ಪ್ರಶ್ನೆ ಕೇಳಿ ಉತ್ತರ ಬರೆಸಿಕೊಳ್ಳುತ್ತಾರೆ. ಒಮ್ಮೆ ತಪ್ಪು ಪಾಸ್‌ವರ್ಡ್ ಒತ್ತಿದರೆ ಕೆಳಗೆ 'ರೀಸೆಟ್ ಪಾಸ್‌ವರ್ಡ್' ಎಂಬ ಸಾಲು ಬರುತ್ತದೆ. ಆ ಮೂರು ಉತ್ತರ ಕೊಟ್ಟರೆ ಬಾಗಿಲು ತೆರೆಯುತ್ತದೆ. ಯಂತ್ರದಲ್ಲಿ ಮೇಲ್ವಿಚಾರಕರ ಅಧಿಕಾರ ಇರುವ ಇನ್ನೊಂದು ಖಾತೆ ಇದ್ದರೆ ಅದರಿಂದಲೂ ಹೊಸ ಪಾಸ್‌ವರ್ಡ್ ಹಾಕಬಹುದು.

ಇದಾವುದೂ ಆಗದಿದ್ದರೆ ಉಳಿಯುವುದು ಎಲ್ಲವನ್ನೂ ಅಳಿಸಿ ಹೊಸದಾಗಿ ಶುರು ಮಾಡುವ ದಾರಿ. ಅಂಗಡಿಯವರು ಫಾರ್ಮ್ಯಾಟ್ ಎನ್ನುವುದು ಇದನ್ನೇ. ಯಂತ್ರ ಉಳಿಯುತ್ತದೆ, ಒಳಗಿನದು ಹೋಗುತ್ತದೆ. ಅದಕ್ಕೆ ಒಪ್ಪುವ ಮೊದಲು ಒಂದು ಮಾತು ಕೇಳಿ: 'ಡಿಸ್ಕ್ ಹೊರತೆಗೆದು ಫೈಲುಗಳನ್ನು ಪ್ರತಿ ಮಾಡಲು ಆಗುತ್ತದೆಯೇ?' ಡಿಸ್ಕಿಗೆ ಗೂಢಲಿಪಿಯ ಬೀಗ ಬಿದ್ದಿಲ್ಲದಿದ್ದರೆ ಅದು ಸಾಧ್ಯ. ಹೊಸ ಲ್ಯಾಪ್‌ಟಾಪುಗಳಲ್ಲಿ ಹಲವಕ್ಕೆ ಆ ಬೀಗ ತಾನಾಗಿಯೇ ಬೀಳುತ್ತದೆ. ಅದನ್ನು ತೆರೆಯಲು 48 ಅಂಕಿಗಳ ಒಂದು ಸಂಖ್ಯೆ ಬೇಕು. ಸಾಮಾನ್ಯವಾಗಿ ಆ ಸಂಖ್ಯೆ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಖಾತೆ ಗಂಡನದಾದರೆ ಆ ಸಂಖ್ಯೆಯೂ ಗಂಡನ ಕೈಯಲ್ಲಿ. ನೋಡಿ, ಅತ್ತೆಯ ಸೊಂಟದ ಬೀಗದ ಕೈ ಎಲ್ಲಿಗೆ ಬಂತು!

ನನ್ನ ವಿದ್ಯಾರ್ಥಿನಿಯ ಲ್ಯಾಪ್‌ಟಾಪ್ ಹಳೆಯದು, ಆ ಬೀಗ ಇರಲಿಲ್ಲ. ಅವಳೂ ಅವಳ ತಮ್ಮನೂ ಅಂಗಡಿಯಲ್ಲಿ ಎದುರಿಗೇ ಕುಳಿತು ಫೈಲುಗಳನ್ನು ಹೊಸ ಡಿಸ್ಕಿಗೆ ಪ್ರತಿ ಮಾಡಿಸಿದರು. ವಕೀಲರು ಹೇಳಿದಂತೆ ಹಳೆಯ ಡಿಸ್ಕನ್ನು ಅಳಿಸದೆ ಹಾಗೇ ತೆಗೆದಿಟ್ಟರು. ಹೊಸ ಡಿಸ್ಕಿನಲ್ಲಿ ಅವಳದೇ ಇಮೇಲ್, ಅವಳದೇ ನಂಬರು. ಅರ್ಜಿ ಸಮಯಕ್ಕೆ ಸರಿಯಾಗಿ ಹೋಯಿತು.

ಈಗ ಹೇಳುವುದನ್ನು ದಯವಿಟ್ಟು ಗಮನವಿಟ್ಟು ಕೇಳಿ. ಹಿಂಸೆ ಇರುವ ಮನೆಯಲ್ಲಿ ಕುಳಿತು ಪಾಸ್‌ವರ್ಡ್ ಬದಲಿಸುವುದು ಸಣ್ಣ ಕೆಲಸವಲ್ಲ. ಖಾತೆಗೆ ಗಂಡನ ನಂಬರು ಜೋಡಿಸಿದ್ದರೆ ಸಂಕೇತ ಸಂಖ್ಯೆ ಆತನ ಫೋನಿಗೇ ಹೋಗುತ್ತದೆ. 'ಇವಳು ಏನೋ ಮಾಡುತ್ತಿದ್ದಾಳೆ' ಎಂದು ಆ ಕ್ಷಣದಲ್ಲೇ ಗೊತ್ತಾಗುತ್ತದೆ. ಆದ್ದರಿಂದ ಮೊದಲು ನಿಮ್ಮ ಜೀವದ ಭದ್ರತೆ, ಆಮೇಲೆ ಯಂತ್ರದ್ದು. ಆತ ನೋಡದ ಬೇರೊಂದು ಫೋನಿನಲ್ಲಿ ನಿಮ್ಮದೇ ಹೊಸ ಇಮೇಲ್ ಮಾಡಿಕೊಳ್ಳಿ. ಸುರಕ್ಷಿತ ಜಾಗಕ್ಕೆ ಬಂದ ಮೇಲೆ ಉಳಿದದ್ದು. ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿದ ಹಳೆಯ ನಂಬರು ಯಾವುದೂ ಕೈಯಲ್ಲಿ ಇಲ್ಲದೆ ಎಲ್ಲವನ್ನೂ ಹೊಸದಾಗಿ ಹಾಕಿದರೆ 30 ದಿನ ಕಾಯಬೇಕಾಗುತ್ತದೆ ಎಂಬುದೂ ನೆನಪಿರಲಿ.

ಗುಟ್ಟಿನ ಪ್ರಶ್ನೆಗಳ ವಿಷಯದಲ್ಲೂ ಎಚ್ಚರ ಬೇಕು. ಹುಟ್ಟಿದ ಊರು, ಮೊದಲು ಓದಿದ ಶಾಲೆ, ಇವನ್ನು ಕೇಳುತ್ತಾರೆ. ನಮ್ಮ ಊರಿನಲ್ಲಿ ಇವು ಗುಟ್ಟೇ? ತವರಿನ ಮನೆಯ ಹೆಸರು ಊರಿಗೆಲ್ಲ ಗೊತ್ತು, ಗಂಡನ ಮನೆಯವರಿಗೆ ನಿಮ್ಮ ಜಾತಕವೇ ಗೊತ್ತು. ಆದ್ದರಿಂದ ನಿಜವಾದ ಉತ್ತರ ಬರೆಯಬೇಕೆಂದಿಲ್ಲ. ನಿಮಗೆ ಮಾತ್ರ ನೆನಪಿರುವ ಬೇರೆ ಯಾವುದಾದರೂ ಪದ ಬರೆಯಿರಿ. ಪಾಸ್‌ವರ್ಡ್ ಕೂಡ ಮಗುವಿನ ಹೆಸರು, ಹುಟ್ಟಿದ ದಿನ ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ಮೂರು ನಾಲ್ಕು ಪದ ಜೋಡಿಸಿ ಉದ್ದ ಮಾಡಿದರೆ ನೆನಪೂ ಇರುತ್ತದೆ, ಗಟ್ಟಿಯೂ ಇರುತ್ತದೆ. ಕಾಗದದಲ್ಲಿ ಬರೆದಿಡುವುದು ತಪ್ಪಲ್ಲ. ಅದನ್ನು ಲ್ಯಾಪ್‌ಟಾಪಿಗೇ ಅಂಟಿಸುವುದು ತಪ್ಪು. ಮನೆಯಲ್ಲಿ ಜಾಗವಿಲ್ಲದಿದ್ದರೆ ನಂಬಿಕೆಯ ಅಕ್ಕನ ಮನೆಯಲ್ಲಿ ಇಡಿ.

ಸಹಾಯಕ್ಕೆಂದು ಇಂಟರ್ನೆಟ್ಟಿನಲ್ಲಿ ಸಿಕ್ಕಿದ 'ಕಸ್ಟಮರ್ ಕೇರ್' ನಂಬರಿಗೆ ಫೋನ್ ಮಾಡಬೇಡಿ. ಒ.ಟಿ.ಪಿ. ಕೇಳುವವರು, 'ಈ ಆಪ್ ಹಾಕಿ, ನಾನು ಇಲ್ಲಿಂದಲೇ ಸರಿ ಮಾಡುತ್ತೇನೆ' ಎನ್ನುವವರು ಮೋಸಗಾರರು. ಹಣ ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಕಾನೂನು ಏನು ಹೇಳುತ್ತದೆ? 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ, ಮದುವೆಯಲ್ಲಿ ಬೇರೆಯವರ ಕೈಗೆ ವರದಕ್ಷಿಣೆ ಸಂದಿದ್ದರೆ ಅದನ್ನು 3 ತಿಂಗಳೊಳಗೆ ಹೆಣ್ಣಿಗೆ ಒಪ್ಪಿಸಬೇಕು. 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸ್ತ್ರೀಧನ ಪೂರ್ತಿಯಾಗಿ ಹೆಂಡತಿಯ ಸೊತ್ತು, ಗಂಡನ ಕೈಯಲ್ಲಿದ್ದರೂ ಆತ ಅದನ್ನು ಕಾಯುವವನಷ್ಟೇ ಎಂದಿತು. ಅಪ್ಪ ಕೊಡಿಸಿದ ಲ್ಯಾಪ್‌ಟಾಪ್, ನಿಮ್ಮ ದುಡಿಮೆಯಲ್ಲಿ ಕೊಂಡ ಲ್ಯಾಪ್‌ಟಾಪ್ ನಿಮ್ಮದೇ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2006ರ ಅಕ್ಟೋಬರ್ 26ರಂದು ಜಾರಿಗೆ ಬಂತು. ಹೆಣ್ಣಿಗೆ ಬಳಸಲು ಹಕ್ಕಿರುವ ಸೊತ್ತು, ಸೌಕರ್ಯಗಳನ್ನು ತಡೆಹಿಡಿಯುವುದೂ ಆರ್ಥಿಕ ಹಿಂಸೆ ಎಂದು ಅದು ಹೇಳುತ್ತದೆ. ಸ್ತ್ರೀಧನವನ್ನೂ ಅವಳಿಗೆ ಸೇರಬೇಕಾದ ಇತರ ಸೊತ್ತನ್ನೂ ಹಿಂದಿರುಗಿಸುವಂತೆ ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಗಂಡ ಹೆಂಡತಿಯ ನಡುವೆಯೂ ಪ್ರತಿಯೊಬ್ಬರಿಗೂ ಖಾಸಗಿತನ ಇದೆಯೇ ಎನ್ನುವವರಿಗೆ ಇನ್ನೊಂದು ತೀರ್ಪು ಇದೆ. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹಾಕಿದ ಅರ್ಜಿಯಲ್ಲಿ, 2017ರ ಆಗಸ್ಟ್ 24ರಂದು, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು.

ಆದರೆ ನ್ಯಾಯ ಎರಡೂ ಕಡೆಗೆ. ಯಂತ್ರವಾಗಲಿ ಖಾತೆಯಾಗಲಿ ಗಂಡನದೇ ಆಗಿದ್ದರೆ, ಸಾಕ್ಷಿ ಬೇಕೆಂದು ಅದನ್ನು ಒಡೆಯಲು ಹೋಗಬೇಡಿ. ಇನ್ನೊಬ್ಬರ ಕಂಪ್ಯೂಟರಿಗೆ ಅನುಮತಿಯಿಲ್ಲದೆ ನುಗ್ಗುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ ತಪ್ಪು. ವಕೀಲರ ಮೂಲಕ ನ್ಯಾಯಾಲಯದಲ್ಲಿ ಕೇಳಿ. ನಿಮ್ಮ ಯಂತ್ರದಲ್ಲೇ ಸಾಕ್ಷಿ ಇದ್ದರೆ, ಅಳಿಸುವ ಮೊದಲು ವಕೀಲರ ಸಲಹೆ ಪಡೆಯಿರಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ, ಇಂಥ ದಾಖಲೆಯ ಪ್ರತಿಯನ್ನು ನ್ಯಾಯಾಲಯಕ್ಕೆ ಕೊಡುವಾಗ ಜೊತೆಗೆ ಪ್ರಮಾಣಪತ್ರ ಬೇಕು. ವಕೀಲರಿಗೆ ಹಣವೆಲ್ಲಿ ಎಂದು ಚಿಂತಿಸಬೇಡಿ. ಹೆಣ್ಣಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ, 15100ಕ್ಕೆ ಫೋನ್ ಮಾಡಿ ಕೇಳಬಹುದು. ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ಕೊನೆಯದಾಗಿ ಗುಂಪಿನ ಲ್ಯಾಪ್‌ಟಾಪ್. ಹಣದ ಪೆಟ್ಟಿಗೆ ಒಬ್ಬರ ಮನೆಯಲ್ಲಿ, ಬೀಗದ ಕೈ ಇನ್ನೊಬ್ಬರ ಮನೆಯಲ್ಲಿ ಇಡುವ ಪದ್ಧತಿ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದನ್ನೇ ಇಲ್ಲಿಯೂ ಮಾಡಿ. ಖಾತೆ ಗುಂಪಿನ ಇಮೇಲಿನಲ್ಲಿ ಇರಲಿ. ಅದಕ್ಕೆ ಇಬ್ಬರು ಸದಸ್ಯೆಯರ ಸ್ವಂತ ನಂಬರು ಜೋಡಿಸಿ, ಯಾರ ಗಂಡನದೂ ಬೇಡ. ಪಾಸ್‌ವರ್ಡನ್ನೂ ಆ 48 ಅಂಕಿಗಳ ಸಂಖ್ಯೆಯನ್ನೂ ಕಾಗದದಲ್ಲಿ ಬರೆದು, ಲಕೋಟೆಯಲ್ಲಿ ಹಾಕಿ, ಅಂಟಿಸಿ, ಮೇಲೆ ಸಹಿ ಮಾಡಿ ಪೆಟ್ಟಿಗೆಯಲ್ಲಿ ಇಡಿ. ಲೆಕ್ಕದ ಪ್ರತಿಯನ್ನು ತಿಂಗಳಿಗೊಮ್ಮೆ ಬೇರೆ ಡಿಸ್ಕಿಗೆ ತೆಗೆಯಿರಿ. ಪದಾಧಿಕಾರಿಗಳು ಬದಲಾದ ದಿನವೇ ಪಾಸ್‌ವರ್ಡ್ ಬದಲಾಗಲಿ. ಇದನ್ನು ಮುಂದಿನ ವಾರದ ಸಭೆಯಲ್ಲಿ ನಿರ್ಣಯ ಪುಸ್ತಕದಲ್ಲಿ ಬರೆಯಿರಿ.

ಮಗಳಿಗೆ ಮದುವೆಯಲ್ಲಿ ಬಂಗಾರ ಎಷ್ಟು ಎಂದು ಲೆಕ್ಕ ಹಾಕುವ ತಾಯಂದಿರಲ್ಲಿ ನನ್ನ ವಿನಂತಿ. ಅವಳ ಇಮೇಲ್ ಅವಳ ಹೆಸರಿನಲ್ಲಿದೆಯೇ, ಫೋನ್ ನಂಬರು ಅವಳದೇ ಆಗಿದೆಯೇ, ಅಂಕಪಟ್ಟಿಯ ಒಂದು ಪ್ರತಿ ನಿಮ್ಮ ಹತ್ತಿರ ಇದೆಯೇ ಎಂದೂ ನೋಡಿ. ಅವಳ ಲ್ಯಾಪ್‌ಟಾಪಿಗೆ ಅವಳ ಕೈಯಿಂದಲೇ ಪಾಸ್‌ವರ್ಡ್ ಹಾಕಿಸಿ.